ಕಾಮಾಕ್ಷಮ್ಮನವರು ಗುರುತಿಸಿದ ಬೂದಿ

ಅಧ್ಯಕ್ಷ ಸ್ಥಾನದಲ್ಲಿರುವ ಪ್ರಾಂಶುಪಾಲರೇ, ವೇದಿಕೆಯ ಮೇಲಿನ ಗಣ್ಯರೇ, ಹಾರ ಹಾಕಿಸಿಕೊಂಡು ಸಂಕೋಚದಿಂದ ಮುದುಡಿ ಕೂತಿರುವ ಕಾಮಾಕ್ಷಮ್ಮನವರೇ, ಈ ಸೆಕೆಯಲ್ಲೂ ಅಲುಗಾಡದೆ ಕೇಳುತ್ತಿರುವ ಸಭಿಕರೇ,

ನಮ್ಮ ಸಿವಿಲ್ ವಿಭಾಗದ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಅಟೆಂಡರ್ ಆಗಿದ್ದು ಇಂದು ನಿವೃತ್ತರಾಗುತ್ತಿರುವ ಇವರ ಬಗ್ಗೆ ಎರಡು ಮಾತಾಡಿ ಎಂದಿದ್ದಾರೆ. ಪಾಠ ಹೇಳುವವನಿಗೆ ಎರಡೇ ಮಾತು ಸಾಕಾದೀತೇ?

ಇವರ ಊರು ಕಟ್ಟಾಯದ ಆಚೆ. ಊರಿನ ದಾರಿ ಕೆರೆಯ ಕೆಳಗಿನ ಜೇಡಿಮಣ್ಣಿನ ಮೇಲೆ ಹಾದುಹೋಗುತ್ತದೆ. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಎಷ್ಟು ಜಲ್ಲಿ ಸುರಿದರೂ ನುಂಗಿತು. ಒಂದು ಆಷಾಢದಲ್ಲಿ ಇವರ ಮಗಳು ದಿವ್ಯಾಳನ್ನು ಹೆರಿಗೆಗೆ ಕರೆದೊಯ್ಯುತ್ತಿದ್ದ ಆಟೋ ಅಲ್ಲೇ ಹೂತುಹೋಯಿತು. ಹೊಟ್ಟೆ ಹಿಡಿದುಕೊಂಡು ಆ ಹುಡುಗಿ ಮೊಣಕಾಲುದ್ದದ ಕೆಸರಿನಲ್ಲಿ ನಡೆದಳು. ತಾಯಿ, ಮಗು ಇಬ್ಬರೂ ಉಳಿದರು. ಆ ವಾರವೇ ಕಾಮಾಕ್ಷಮ್ಮ ನನ್ನನ್ನು ಕೇಳಿದರು: "ಸಾ, ಇಷ್ಟ್ ವರ್ಸದಿಂದ ಮಣ್ಣು ಟೆಸ್ಟ್ ಮಾಡ್ತಾ ಇದೀರಲ್ಲ, ನಮ್ಮೂರ್ ಮಣ್ಣಿಗೆ ಏನೂ ಮದ್ದಿಲ್ವಾ?"

ಮದ್ದಿತ್ತು. ಹೊಳೆನರಸೀಪುರದ ಅಕ್ಕಿ ಗಿರಣಿಯೊಂದರ ಹಿತ್ತಲಲ್ಲಿ ಭತ್ತದ ಹೊಟ್ಟು ಸುಟ್ಟ ಬೂದಿ ಗುಡ್ಡೆ ಬಿದ್ದಿತ್ತು. ಅದನ್ನು ಸುಣ್ಣದ ಜೊತೆ ಜೇಡಿಮಣ್ಣಿಗೆ ಬೆರೆಸಿ ಒತ್ತಿದರೆ ಮಣ್ಣು ಬಿಗಿಯಾಗುತ್ತದೆ. ಇನ್ನೂರು ಮೀಟರ್ ಮಾಡಿ ನೋಡಲು ಪಂಚಾಯಿತಿಯವರು ಒಪ್ಪಿದರು; ಮೊದಲು ತಮ್ಮೆದುರು ಆ ಮಿಶ್ರಣ ಒತ್ತಿ ಮಾಡಿದ ಅಚ್ಚುಗಳನ್ನು ನೀರಿನಲ್ಲಿ ಮುಳುಗಿಸಿ ತೋರಿಸಿ ಎಂದರು. ನಾವು ಮಾಡಿದ ಮೊದಲ ಅಚ್ಚುಗಳು ಕಲ್ಲಿನಂತಿದ್ದವು. ಅವರು ಬರುವ ದಿನಕ್ಕೆಂದು ಹೊಸದಾಗಿ ಮಾಡಿ ಮುಳುಗಿಸಿದವು ಗಂಜಿಯಾದವು.

ನಾನೇನು ಮಾಡಿದೆ? ಎಲ್ಲರೆದುರು ಇವರ ಮೇಲೆ ಹರಿಹಾಯ್ದೆ. "ಸರಿಯಾಗಿ ಕಲಸೋಕೂ ಬರಲ್ವೇನ್ರೀ ನಿಮಗೆ?" ಎಂದೆ. ಚನ್ನರಾಯಪಟ್ಟಣದ ನಮ್ಮ ಅಂಗಡಿಯಲ್ಲಿ ಕೆಲಸದವರನ್ನು ಬಯ್ಯುತ್ತಿದ್ದ ನನ್ನ ತಂದೆ ಆದಿರಾಜಯ್ಯನವರ ದನಿಯೇ ನನ್ನ ಗಂಟಲಿನಿಂದ ಬಂತು. ಆ ದನಿಗೆ ಹೆದರಿಯೇ ನಾನು ಅಂಗಡಿ ಬಿಟ್ಟು ಮೇಷ್ಟ್ರಾದದ್ದು!

ಪಂಚಾಯಿತಿಯವರು ಹೋದ ಮೇಲೆ ಕಾಮಾಕ್ಷಮ್ಮ ಎರಡೂ ಅಂಗೈಯಲ್ಲಿ ಬೂದಿ ಹಿಡಿದು ಬಂದರು. "ನೋಡಿ ಸಾ, ಮೊದ್ಲು ತಂದಿದ್ದು ಬೆಳ್ಳಗಿತ್ತು, ಇದು ಕರ್ರಗೈತೆ. ಬತ್ತದ್ ಒಟ್ಟು ಪೂರ್ತಿ ಸುಟ್ಟಿಲ್ಲ ಕಣ್ ಸಾ. ಬೂದೀಲಿ ಪಾತ್ರೆ ತಿಕ್ಕೋರಿಗೆ ಗೊತ್ತಾಯ್ತದೆ."

ಪರೀಕ್ಷಿಸಿದೆ. ಅವರ ಮಾತೇ ನಿಜ. ಗಿರಣಿಯಿಂದ ಬಂದ ಬೂದಿಯ ಹೊಸ ಲೋಡನ್ನು ಕಣ್ಣೆತ್ತಿಯೂ ನೋಡದೆ ಸಹಿ ಹಾಕಿದ್ದವನು ನಾನು. ಬಿಳಿ ಬೂದಿ ತರಿಸಿ, ಇವರ ಕೈಯಲ್ಲೇ ಕಲಸಿಸಿ, ಪಂಚಾಯಿತಿಯವರನ್ನು ಕಾಡಿಬೇಡಿ ಮತ್ತೆ ಕರೆಸಿದೆವು. ಅಚ್ಚುಗಳು ನಿಂತವು. ಇನ್ನೂರು ಮೀಟರ್ ಆಯಿತು, ಆಮೇಲೆ ಮಿಕ್ಕ ದಾರಿಯೂ ಆಯಿತು. ಆರು ಮಳೆಗಾಲ ಕಂಡಿದೆ. ಮೊನ್ನೆ ಹೋಗಿದ್ದಾಗ ದಿವ್ಯಾಳ ಮಗಳು ಧನ್ಯಾ ಅದರ ಮೇಲೆ ಸೈಕಲ್ ಕಲಿಯುತ್ತಿದ್ದಳು.

ಆ ಕೆಲಸದ ಬಗ್ಗೆ ನಾನು ಬರೆದ ಪ್ರಬಂಧದಲ್ಲಿ ಪ್ರಾಂಶುಪಾಲರಿಗೆ, ಗಿರಣಿಯವರಿಗೆ, ನನ್ನಾಕೆ ಜಿನಶ್ರೀಗೆ ವಂದನೆಗಳಿವೆ. ಇವರ ಹೆಸರಿಲ್ಲ. ಇವರು ಒಮ್ಮೆಯೂ ಕೇಳಲಿಲ್ಲ. ಹೊಸ ಲೋಡು ಬಂದಾಗಲೆಲ್ಲ ಒಂದು ಹಿಡಿ ನನ್ನ ಮೇಜಿನ ಮೇಲಿಟ್ಟು "ಒಂದ್ಸಲ ನೋಡ್ಬುಡಿ ಸಾ" ಎನ್ನುತ್ತಿದ್ದರು, ಅಷ್ಟೆ.

ಇವತ್ತು ಬೆಳಿಗ್ಗೆ ಹೇಳಿಬಿಡೋಣವೆಂದು ಲ್ಯಾಬಿಗೆ ಹೋದೆ. ಅವರು ಬೀಗದ ಕೈ ಒಪ್ಪಿಸಿದರು, ನಾನು ತೆಗೆದುಕೊಂಡೆ. ಹಾಗೇ ಹೊರಟುಬಂದೆ. ಬೈದದ್ದು ಎಲ್ಲರೆದುರು, ಇದೂ ಎಲ್ಲರೆದುರೇ ಆಗಲಿ. ಕಾಮಾಕ್ಷಮ್ಮನವರೇ, ಅವತ್ತು ತಪ್ಪು ನಿಮ್ಮದಲ್ಲ, ನನ್ನದು. ನನ್ನನ್ನು ಕ್ಷಮಿಸಿ.

ಇಷ್ಟು ಹೊತ್ತು ತಾಳಿಕೊಂಡ ತಮಗೆಲ್ಲ ಕೃತಜ್ಞತೆಗಳು. ಊಟದ ಮೊದಲ ಪಂಕ್ತಿಯಲ್ಲಿ ಇವರನ್ನು ಕೂರಿಸಿ. ಬಡಿಸುವವನು ನಾನು. ನಮಸ್ಕಾರ.