ಠಾಣೆಯ ಬೆಂಚಿನ ಮೇಲಿನ ಲಸಿಕೆ ಪೆಟ್ಟಿಗೆ

ನಾಗಲಕ್ಷ್ಮಮ್ಮ, ಗಂಡ ಲಿಂಗಯ್ಯ, 47 ವರ್ಷ, ಹೈನುಗಾರಿಕೆ ಮತ್ತು ರೇಷ್ಮೆ ಕೆಲಸ, ವಾಸ: ಹಾಲುಬಾವಿದೊಡ್ಡಿ, ಸಾತನೂರು ಹೋಬಳಿ, ಕನಕಪುರ ತಾಲ್ಲೂಕು. ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಕಳೆದ ಜೂನ್‌ನಲ್ಲಿ ನಮ್ಮೂರ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವ ಶಿಬಿರವಿತ್ತು. ಹಿಂದಿನ ಸಂಜೆ ಡೈರಿ ಕಾರ್ಯದರ್ಶಿ ಮಹೇಂದ್ರ ಹಾಲು ಅಳೆಯುತ್ತಲೇ, "ಸೂಜಿ ಚುಚ್ಚುದ್ರೆ ನಾಕ್ ದಿನ ಹಾಲು ಇಳೀತದೆ, ಕರೆಯೋ ಹಸಗಳ ಒಸಿ ಮರೆಗೆ ಕಟ್ರವ್ವ" ಎಂದು ಹೆಂಗಸರಿಗೆ ಹೇಳಿದನು. ಮರುದಿನ ಕರೆಯುವ ಹಸುಗಳೆಲ್ಲ ಹಿಪ್ಪುನೇರಳೆ ತೋಟದೊಳಗಿದ್ದವು. ಲಸಿಕೆ ಹಾಕುವ ಮುಜೀಬ್ ಐಸ್ ಪೆಟ್ಟಿಗೆ ಹೊತ್ತು ಬೀದಿ ಬೀದಿ ಕೂಗಿದರೂ ಸಿಕ್ಕಿದ್ದು ಎತ್ತು, ಗೊಡ್ಡು ದನ ಮಾತ್ರ. ನನ್ನ ಹಸು ತುಂಬು ಗಬ್ಬವಾಗಿತ್ತು. ಈಗ ಬೇಡ, ಕರು ಹಾಕಿದ ಮೇಲೆ ತಾನೇ ಬರುವುದಾಗಿ ಮುಜೀಬ್ ತಿಳಿಸಿದನು. ದನದ ಡಾಕ್ಟರೂ ಹಾಗೇ ಹೇಳಿದ್ದರು.

ಉಳಿದ ಲಸಿಕೆ ವಾಪಸು ಹೋಯಿತು. ಈ ಊರಿಗೆ ಇಷ್ಟು ಬೇಡವೆಂದು ಮೇಲಿನ ಕಚೇರಿಯವರು ನಮ್ಮ ಪಾಲು ಕಡಿತ ಮಾಡಿದರು. ಯಾಕೆ ಉಳಿಯಿತೆಂದು ಕೇಳಲು ಒಬ್ಬ ಸಾಹೇಬರೂ ಊರಿಗೆ ಬರಲಿಲ್ಲ. ಕರು ಹುಟ್ಟಿದ ಮೇಲೆ ಮುಜೀಬನಿಗೆ ಫೋನ್ ಮಾಡಿದೆ. "ಅವ್ವಾ, ಬರೀ ಐಸ್ ಹೊತ್ಕಬಂದು ಏನ್ ಮಾಡ್ಲಿ? ಲಸಿಕೆ ಕಳ್ಸಿ ಅಂತ ಮೇಲ್ನೋರ್ನ ಕೇಳ್ತಾನೇ ಇವ್ನಿ" ಎಂದನು. ಲಸಿಕೆಗಿಂತ ಮೊದಲು ಜ್ವರ ಬಂತು. ಕಳೆದ ಮಂಗಳವಾರ ಹಸು ಸತ್ತಿತು. ನಾಲಿಗೆ ಸುಲಿದಿದ್ದರೂ ಕರುವನ್ನು ನೆಕ್ಕಲು ಕೊನೆಯವರೆಗೂ ಕತ್ತು ಚಾಚುತ್ತಿತ್ತು. ಕರು ಈಗ ಪಕ್ಕದ ಮನೆ ರಾಧಾಮಣಿಯ ಹಸುವಿನ ಹಾಲು ಕುಡಿಯುತ್ತಿದೆ. ಆ ಹಸುವಿಗೆ ಇನ್ನೂ ಜ್ವರ ತಗುಲಿಲ್ಲ.

ಈ ದಿನ ಬೆಳಿಗ್ಗೆ 7 ಗಂಟೆಗೆ ಮುಜೀಬ್ ಅರ್ಧ ಪೆಟ್ಟಿಗೆ ಲಸಿಕೆ ತಂದನು. ಇಷ್ಟು ದಿನ ಲಸಿಕೆ ಮಾರಿಕೊಂಡು ಈಗ ಬಂದೆಯಾ ಎಂದು ಮಹೇಂದ್ರ ಕೂಗಾಡಿದನು. "ನೀವ್ ಹಸ ಬಚ್ಚಿಟ್ರಿ, ನಾನ್ ಲಸಿಕೆ ಮಾರ್ದ್ನಾ ಅಣ್ಣಾ?" ಎಂದು ಮುಜೀಬ್ ಕೇಳಿದನು. ಅಷ್ಟಕ್ಕೇ ಮಹೇಂದ್ರ ಮತ್ತು ಅವನ ಜೊತೆಗಿದ್ದವರು ಮುಜೀಬನನ್ನು ಎಳೆದು ಡೈರಿ ಕೋಣೆಗೆ ನೂಕಿ ಬೀಗ ಹಾಕಿದರು. ಪೊಲೀಸರು ಬಂದು ಬಿಡಿಸಿ, ಅವನನ್ನೂ ಪೆಟ್ಟಿಗೆಯನ್ನೂ ಠಾಣೆಗೆ ತಂದರು. ಮಹೇಂದ್ರ ನನ್ನನ್ನು ಬೈಕಿನಲ್ಲಿ ಕರೆತಂದು, "ಸತ್ತಿರೋದು ನಿನ್ ಹಸ ಕಣಕ್ಕ, ನಿನ್ ಮಾತು ನಿಲ್ತದೆ. ಅವ್ನ್ ಹೆಸ್ರು ಬರ್ಸು" ಎಂದನು.

ನಾನು ಬರೆಸುವುದಿಲ್ಲ. ಮುಜೀಬನ ನಿರ್ಲಕ್ಷ್ಯದಿಂದ ಹಸು ಸತ್ತಿತೆಂದು ನೀವು ಮೊದಲು ಬರೆದಿದ್ದ ಸಾಲನ್ನು ಓದಿಸಿ ಕೇಳಿ ಹೊಡೆದುಹಾಕಿಸಿದ್ದೇನೆ. ಹೊಣೆ ಯಾರದೆಂದು ಕೇಳಿದ್ದೀರಿ. ಮಹೇಂದ್ರನ ಹೆಸರು ಬರೆದುಕೊಳ್ಳಿ. ಹಸು ಮರೆಮಾಡಿದ ಹೆಂಗಸರದೂ ತಪ್ಪಿದೆ. ಆದರೆ ನಾಲ್ಕು ದಿನ ಹಾಲು ಇಳಿದರೆ ಅವರ ಒಲೆ ಹೇಗೆ ಉರಿಯಬೇಕೆಂದು ಯಾವ ಸರ್ಕಾರವೂ ಯೋಚಿಸಿಲ್ಲ. ಕುಂತಲ್ಲೇ ಕಡಿತ ಮಾಡಿದ ಸಾಹೇಬರ ಹೆಸರು ನನಗೆ ಗೊತ್ತಿಲ್ಲ. ಹುಡುಕುವುದು ನಿಮ್ಮ ಕೆಲಸ.

ಸಾಕ್ಷಿಯೆಂದು ಹಿಡಿದಿಟ್ಟ ಪೆಟ್ಟಿಗೆ ಠಾಣೆಯ ಬೆಂಚಿನ ಮೇಲಿದೆ. ಅದರ ಕೆಳಗೆ ನೀರು ನಿಂತಿದೆ. ಐಸ್ ಪೂರ್ತಿ ಕರಗಿದರೆ ಲಸಿಕೆ ಕೆಡುತ್ತದೆಂದು ಮುಜೀಬ್ ಮತ್ತೆ ಮತ್ತೆ ಹೇಳುತ್ತಿದ್ದಾನೆ. "ಸ್ವಾಮಿ, ಇದು ಇಲ್ಲೇ ಕೆಟ್ರೆ ಯಾರ್ ಹೆಸ್ರು ಬರ್ಕತ್ತೀರಿ?" ಎಂದು ನಾನು ಕೇಳಿದ್ದನ್ನೂ ಇದರಲ್ಲಿ ಸೇರಿಸಬೇಕು.

ಮೇಲೆ ಇರುವುದೆಲ್ಲ ನನ್ನ ಬಾಯಿಂದ ಬಂದದ್ದು, ನಿಜವಾದದ್ದು. ನೀವು ಬಿಟ್ಟುಕೊಟ್ಟ ಪೆಟ್ಟಿಗೆಯನ್ನು ಮುಜೀಬ್ ಎತ್ತಿಕೊಂಡು ನಮ್ಮೂರ ದಾರಿ ಹಿಡಿದದ್ದನ್ನು ಬಾಗಿಲಲ್ಲಿ ನಿಂತು ನೋಡಿದ ಮೇಲೆ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14-11-2024, ಬೆಳಿಗ್ಗೆ 10.40
ಸಹಿ: ನಾಗಲಕ್ಷ್ಮಮ್ಮ