ಬೆಳಕಿಗೆ ಅಡ್ಡ ಬಂದ ಕೈ

ಸಂಜೆಯ ಮಳೆಗೆ ಕರೆಂಟು ಹೋಗಿತ್ತು. ಮೊಬೈಲಿನ ಟಾರ್ಚ್ ಹಚ್ಚಿ ಮೇಜಿನ ಮೇಲಿಟ್ಟು, ನಾವು ಮೊಮ್ಮಕ್ಕಳು ಎದುರು ಗೋಡೆಯ ಮೇಲೆ ಕೈಯ ನೆರಳಿನಲ್ಲಿ ಮೊಲ, ನಾಯಿ, ಹದ್ದು ಮಾಡುತ್ತಿದ್ದೆವು. "ಯಾರದ್ರೋ ಅದು ಅಡ್ಡ ಬರ್ತಿರೋದು? ಕೈ ಇಳಿಸ್ರೋ!" ಎಂದು ದೊಡ್ಡಣ್ಣ ರೇಗಿದ್ದೇ ತಡ, ಅಜ್ಜ "ಆರಿಸು ಅದನ್ನ!" ಎಂದು ಗದರಿಬಿಟ್ಟ. ಜೀವಮಾನವಿಡೀ ಸಿನಿಮಾ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ಅಜ್ಜ, ಕತ್ತಲಲ್ಲಿ ಎಡವಿ ಬೆರಳು ಜಜ್ಜಿಕೊಂಡರೂ ಟಾರ್ಚ್ ಮುಟ್ಟುತ್ತಿರಲಿಲ್ಲ. ಯಾಕೆಂದು ಕೇಳಿ ಕೇಳಿ ನಾವು ಸೋತಿದ್ದೆವು. ಅವತ್ತು ಟಾರ್ಚ್ ಆರಿಸಿದ ಮೇಲೆ ತಾನಾಗಿಯೇ ನಮ್ಮನ್ನು ಹತ್ತಿರ ಕೂರಿಸಿಕೊಂಡ.

"ಹೆದರೋರು ಈಗ್ಲೇ ಎದ್ದು ಹೋಗಿ. ಆಮೇಲೆ ಅಜ್ಜನ ಮಗ್ಗುಲಲ್ಲಿ ಮಲಗ್ತೀನಿ ಅಂತ ಬರಬಾರ್ದು, ನನ್ನ ಗೊರಕೆ ದೆವ್ವಕ್ಕಿಂತ ಜೋರು...

"ಆಪರೇಟರ್ ರೂಮು ಅಂದ್ರೆ ಏನಂದ್ಕೊಂಡಿದೀರಿ? ಬಾಲ್ಕನಿ ಹಿಂದೆ ಒಂದು ಗೂಡು. ಗೋಡೇಲಿ ಒಂದು ತೂತು ಬೆಳಕು ಹೋಗೋಕೆ, ಇನ್ನೊಂದು ನಾನು ಕಣ್ಣಿಡೋಕೆ. ಪರದೆ ಮೂಲೇಲಿ ಚುಕ್ಕೆ ಮಿನುಗಿದ್ರೆ ರೀಲ್ ಮುಗೀತು ಅಂತ, ತಕ್ಷಣ ಇನ್ನೊಂದು ಮಿಷಿನ್ ಶುರು ಮಾಡ್ಬೇಕು. ಆದ್ರೆ ನಾನು ಪರದೆ ನೋಡಿದ್ದು ಕಡಿಮೆ... ಜನಾನ ನೋಡ್ತಿದ್ದೆ. ಯಾರು ಅಳ್ತಾರೆ, ಯಾರು ಯಾರ ಕೈ ಹಿಡೀತಾರೆ... ಅವರಿಗೆ ನಾನು ಕಾಣಲ್ಲ, ನನಗೆ ಅವರೆಲ್ಲ ಕಾಣ್ತಾರೆ. ಅದರ ರುಚಿ ಹತ್ತಿದ್ರೆ ಬಿಡೋಕಾಗಲ್ಲ ಕಣ್ರೋ.

"ಆಗೊಂದು ಕೊಲೆ ಸಿನಿಮಾ ಓಡ್ತಿತ್ತು. ಗೋಡೆ ಬಿರುಕಿಂದ ಪಕ್ಕದ ಮನೆಯವಳನ್ನ ಕದ್ದು ನೋಡೋನು, ಒಂದಿನ ಚಾಕು ಹಿಡಿದು ಒಳಗೆ ನುಗ್ತಾನೆ. ಅಲ್ಲಿ ಇಡೀ ಹಾಲ್ ಕಿರುಚ್ತಿತ್ತು. ಅದನ್ನ ನೋಡೋಕೇ ನಾನು ಕಾಯ್ತಿದ್ದೆ. ಒಂದು ಮ್ಯಾಟ್ನಿಗೆ ಗಂಡ ಹೆಂಡತಿ ಬಂದು, ಖಾಲಿ ಬಾಲ್ಕನೀಲಿ, ನನ್ನ ತೂತಿನ ಕೆಳಗೇ ಕೂತ್ರು. ಅವಳು ಹಸಿರು ಸ್ವೆಟರ್ ಹಾಕಿದ್ಲು. ಗುಸುಗುಸು ಅಂತ ಜಗಳ... ನನಗೆ ಸಿನಿಮಾಕ್ಕಿಂತ ಅದೇ ಚೆನ್ನಾಗಿತ್ತು.

"ಆ ಸೀನ್ ಬಂತು. ಎಲ್ರೂ ಕಿರುಚಿದ್ರು. ಆ ಗದ್ದಲದೊಳಗೆ ಬಾಲ್ಕನೀಲಿ ಗಂಡನ ಎರಡೂ ಕೈ ಹೆಂಡತಿ ಕುತ್ತಿಗೆ ಹಿಸುಕ್ತಿದ್ವು. ಅವಳು ಹಿಂದಕ್ಕೆ ತಿರುಗಿ ನನ್ನ ಕಡೆ ಕೈ ಎತ್ತಿದ್ಲು. ಕೈ ಬೆಳಕಿಗೆ ಅಡ್ಡ ಬಂತು... ಪರದೆ ತುಂಬ ಬೆರಳುಗಳ ನೆರಳು! ಕೆಳಗಿನ ಜನ ಏನ್ಮಾಡಿದ್ರು ಗೊತ್ತಾ? ಶಿಳ್ಳೆ ಹೊಡೆದು 'ಏಯ್, ಕೈ ಇಳಿಸ್ರೀ!' ಅಂತ ಕೂಗಿದ್ರು. ಸ್ವಲ್ಪ ಹೊತ್ತಿಗೆ... ಇಳೀತು.

"ಹಾಲಿನ ದೀಪದ ಸ್ವಿಚ್ಚು ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಒತ್ತಿದ್ರೆ ಅವಳು ಬದುಕ್ತಿದ್ಲು. ಯಾಕೆ ಒತ್ತಲಿಲ್ಲ? 'ಚುಕ್ಕೆ ನೋಡ್ತಿದ್ದೆ ಸಾರ್, ಬೇರೇನೂ ಕಾಣಲಿಲ್ಲ' ಅಂತ ಪೊಲೀಸರಿಗೆ ಹೇಳ್ದೆ. ನಂಬಿದ್ರು. ಸುಳ್ಳು ಕಣ್ರೋ. ಮುಂದೇನಾಗುತ್ತೋ ನೋಡೋಣ ಅಂತ ನಿಂತಿದ್ದೆ... ಅಷ್ಟೇ. ಗಂಡ ಜೈಲಿಗೆ ಹೋದ. ನಾನು ಮನೆಗೆ ಬಂದು ಊಟ ಮಾಡ್ದೆ.

"ಮಾರನೇ ದಿನ ಅದೇ ಸೀನಿಗೆ ಪರದೆ ಮೇಲೆ ಮತ್ತೆ ಕೈ. ಜನ ಮತ್ತೆ ಕೂಗಿದ್ರು. ಈ ಸಲ ದಡಕ್ಕನೆ ದೀಪ ಹಾಕ್ದೆ... ಬಾಲ್ಕನೀಲಿ ಯಾರೂ ಇಲ್ಲ. ಆಮೇಲೆ ಟಾಕೀಸು ಮುಚ್ಚಿ ಕೆಡವಿದ್ರು, ಅಲ್ಲಿ ಅಂಗಡಿ ಎದ್ವು. ಕೈ ಮಾತ್ರ ನನ್ನ ಜೊತೆ ಬಂತು. ಹಿಂದೊಂದು ಬೆಳಕು, ಎದುರಿಗೊಂದು ಗೋಡೆ ಇದ್ರೆ ಸಾಕು..."

"ಬಿಡಜ್ಜ, ಆಗ ಅಡ್ಡ ಬಂದಿದ್ದು ಪುಟ್ಟಿ ಕೈ," ಎಂದು ದೊಡ್ಡಣ್ಣ, ನಮ್ಮಲ್ಲೇ ಎಲ್ಲರಿಗಿಂತ ಚಿಕ್ಕವಳ ಹೆಸರು ಹೇಳಿ, ನಗಲು ನೋಡಿದ.

"ಪುಟ್ಟಿ ನೀವು ಟಾರ್ಚ್ ಹಚ್ಚೋಕೆ ಮುಂಚಿಂದ್ಲೂ ನನ್ನ ತೊಡೆ ಮೇಲೆ ನಿದ್ದೆ ಮಾಡ್ತಿದಾಳೆ ಕಣೋ."

ಅಜ್ಜ ಮೇಜು ತಡವಿ ಮೊಬೈಲು ಎತ್ತಿಕೊಂಡ. ಅವನು ಟಾರ್ಚಿಗೆ ಕೈ ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಎಲ್ರೂ ಕೈ ಮಡಿಲಲ್ಲಿ ಇಟ್ಕೊಳ್ಳಿ... ಇಟ್ಕೊಂಡ್ರಾ? ಈಗ ದೀಪ ಹಾಕ್ತೀನಿ. ಗೋಡೆ ಮೇಲೆ ಏನೇ ಕಂಡ್ರೂ, ಕೈ ಇಳಿಸು ಅಂತ ಮಾತ್ರ ಅನ್ಬೇಡಿ. ಪಾಪ, ಆ ಮಾತನ್ನ ಅವಳು ಸಾಕಷ್ಟು ಸಲ ಕೇಳಿದಾಳೆ..."