ಸೋಂದಾ ರಸ್ತೆಯ ರಾಣಿಕಲ್ಲು

...ಅಲ್ಲ ಅಮ್ಮಾ, ಚಾ ಆಮೇಲೆ ಕುಡೀಲಕ್ಕು, ಮೊದ್ಲು ಕಲ್ಲು ನೋಡಿ! ಸೋಂದಾ ಬಸ್ಸಿಗೆ ಇನ್ನೂ ಅರ್ಧ ತಾಸಿದೆ. ನಾಳೆ ಕಾರವಾರದಿಂದ ಸಾಹೇಬ್ರು ಬರ್ತಾರೆ, ನನ್ನ ಅಂಗಡಿ ಮುಂದಿನ ಈ ಕಲ್ಲನ್ನ ಪ್ರವಾಸಿ ತಾಣದ ಪಟ್ಟಿಗೆ ಸೇರಿಸೋಕೆ. ಸೇರಿದ್ರೆ ಬೋರ್ಡು, ಬಸ್ ಸ್ಟಾಪು... ಈ ಕಮಲಾಕರ ಹೆಗಡೆ ಗೆದ್ದ! ಸೇರದಿದ್ರೆ ಅಂಗಡಿಗೆ ಬಾಗಿಲು ಹಾಕೋದೇ. ಇವತ್ತು ನೀವೇ ಸಾಹೇಬ್ರು ಅಂತ ತಿಳ್ಕಂಡು ಹೇಳ್ತೆ, ತಪ್ಪಿದ್ರೆ ತಿದ್ದಿ.

ಕಲ್ಲಲ್ಲಿ ಕೆತ್ತಿದ ಇವಳು ರಾಣಿ. ಕೈ ಎತ್ತಿದಾಳೆ ನೋಡಿ, ಕೈ ತುಂಬ ಬಳೆ. ಶತ್ರು ಬಂದಾಗ ಹಿಂಗೇ ಕೈ ಎತ್ತಿ 'ನಿಲ್ಲು' ಅಂದ್ಳಂತೆ. ನಿಂತೇಬಿಟ್ಟ! ...ಎಂತಕ್ಕೆ ತಲೆ ಅಲ್ಲಾಡಿಸ್ತೀರಿ? ಹುಬ್ಬಳ್ಳಿ ಮೇಷ್ಟ್ರೊಬ್ರೂ ಹಿಂಗೇ ಮಾಡಿದ್ರು. ಇದು ಮಾಸ್ತಿಕಲ್ಲು, ಗಂಡನ ಚಿತೆ ಏರಿದವಳದ್ದು ಅಂದ್ರು. ಅಯ್ಯೋ, ಮಕ್ಕಳು ಮರಿ ಕಟ್ಕಂಡು ಬಂದವರಿಗೆ ಚಿತೆ ಕತೆ ಹೇಳೋದಾ? ಅವಲಕ್ಕಿ ಗಂಟಲಲ್ಲಿ ಇಳೀತದಾ? ಹಾಂಗಾಗಿ ರಾಣಿ. ಹೋದ ವರ್ಷ ಕತೇಲಿ ಅವಳಿಗೊಂದು ಬಿಳೀ ಕುದುರೆನೂ ಕೊಟ್ಟಿದ್ದೆ.

ಹಾಂ? ಬುಡದಲ್ಲಿ ಸಿಮೆಂಟಾ? ಅದು... ವಾಲಿತ್ತು, ಹಾಕಿಸಿದೆ. ಅಂಗಡಿ ತೊಂಬತ್ತಾರರದ್ದು, ಕಲ್ಲು ಮಾತ್ರ ನಮ್ಮಜ್ಜನ ಅಜ್ಜನ ಕಾಲದಿಂದ ಇಲ್ಲೇ! ಒಂದಿಂಚು ಅಲುಗಾಡಿಲ್ಲ. ಬೇಕಾದ್ರೆ ತಿಮ್ಮನ್ನ ಕೇಳಿ. ತಿಮ್ಮ ಅಂದ್ರೆ ನಮ್ಮೂರ ಟೆಂಪೋದವ... ಅಲ್ಲ, ಟೆಂಪೋಕ್ಕೂ ಕಲ್ಲಿಗೂ ಎಂತ ಸಂಬಂಧ ಇಲ್ಲ. ಸುಮ್ನೆ ಹೇಳ್ದೆ.

ಎಲ್ಲಿಗೆ ಹೊರಟ್ರಿ? ಕಲ್ಲಿನ ಹಿಂದೆ ಎಂತ ಇಲ್ಲ ಅಮ್ಮಾ, ಬರೀ ಪಾಚಿ. ಮುಳ್ಳಿದೆ, ಕಾಲು ಜೋಪಾನ... ಅರೆ! ನೋಡದೇ ಕೈ ಹಾಕಿದ್ರಲ್ಲ, ಸೀದಾ ಆ ಗೂಡಿಗೇ! ಕಲ್ಲಿನ ಬೆನ್ನಿಗೆ ದೀಪ ಇಡೋ ಗೂಡಿದೆ ಅಂತ ನನ್ನ ಹೆಂಡ್ತಿ ಲಕ್ಷ್ಮಿಗೂ ಗೊತ್ತಿಲ್ಲ. ...ಚೀಲದಲ್ಲಿ ಎಂತದು? ಎಣ್ಣೆ ಬಾಟ್ಲಿಯಾ? ಬತ್ತಿ?

ಇವತ್ತು ಅಮಾಸೆ ಅಲ್ದಾ...

ಅಮ್ಮಾ, ನಿಮ್ಮದು ಯಾವೂರು? ಆಗ್ಲೇ ಕೇಳಿದೆ, ನೀವು ಹೇಳ್ಲಿಲ್ಲ. ವಾನಳ್ಳಿ ಕಡೇನಾ? ಹೊಳೆ ಆಚೆ, ಬಿದಿರು ಹಿಂಡಿನ ಹತ್ರ? ಬೇಕಾದ್ರೆ ಬೈದುಬಿಡಿ, ಹಿಂಗೆ ನೋಡಬೇಡಿ.

ಈ ಕಲ್ಲನ್ನ ಮೂರು ವರ್ಷದಿಂದ ಹುಡುಕ್ತಾ ಇದ್ರಾ? ಕಾಲ್ನಡಿಗೇಲಾ?

ನಂಗೆ ಗೊತ್ತಿರಲಿಲ್ಲ ಅಮ್ಮಾ. ಸುತ್ತ ಕಾಡು ಬೆಳೆದಿತ್ತು, ಹೇಳೋರು ಕೇಳೋರು ಇಲ್ಲದ ಕಲ್ಲು ಅಂದ್ಕಂಡೆ. ಅಲ್ಲಿಂದ ಇಲ್ಲಿ ತಂದು ನಿಲ್ಲಿಸಿದೆ, ನೆರಳು ಮಾಡಿದೆ, ನೂರಾರು ಜನ ನೋಡೋ ಹಾಂಗೆ ಮಾಡಿದೆ. ತಪ್ಪಾ? ನಾಳೆ ಒಂದು ದಿನ ಬಿಡಿ, ಸಾಹೇಬ್ರು ನೋಡಿ ಹೋಗ್ಲಿ. ಆಮೇಲೆ ನಾನೇ ತಿಮ್ಮನ ಟೆಂಪೋದಲ್ಲಿ... ಒಂದೇ ಒಂದು ದಿನ! ಹ್ಞೂಂ ಅನ್ನಿ, ಊಹೂಂ ಅನ್ನಿ, ಏನಾದ್ರೂ ಅನ್ನಿ!

...ಹಚ್ಚಿ. ದೀಪ ಹಚ್ಚಿ. ನಿಮ್ಮ ಮನೆಯವಳು ಅವಳು.

ಗೊತ್ತಿರಲಿಲ್ಲ ಅಂದಿದ್ದು ಸುಳ್ಳು. ಅವತ್ತೂ ಅಮಾಸೆಯೇ. ಕಲ್ಲು ಎಬ್ಬಿಸುವಾಗ ಆ ಗೂಡಲ್ಲಿ ಎಣ್ಣೆ ಇತ್ತು ಅಮ್ಮಾ, ಬತ್ತಿ ಇನ್ನೂ ಬೆಚ್ಚಗಿತ್ತು. ತಿಮ್ಮ ಬೇಡ ಹೆಗಡೇರೆ ಅಂದ. ನಾನೇ ಕೈ ಲುಂಗಿಗೆ ಒರೆಸಿಕೊಂಡು, ಎತ್ತು ಅಂದೆ.